ಓಡಾಟ ಕಷ್ಟವಾದವರಿಗೆ ಮನೆಯೊಳಗಿನ ಗಿಡಗಳು: ಕಡಿಮೆ ಬೆಳಕಿಗೂ ಕಡಿಮೆ ಆರೈಕೆಗೂ ಒಗ್ಗುವ ಗಿಡಗಳನ್ನು ಆರಿಸುವ ಸಮಗ್ರ ಮಾರ್ಗದರ್ಶಿ

ಮಂಡಿನೋವು, ಸಂಧಿವಾತ, ಪಾರ್ಶ್ವವಾಯು, ಬೆನ್ನುಹುರಿಗೆ ಬಿದ್ದ ಪೆಟ್ಟು, ವಯಸ್ಸಿನ ನಿಶ್ಶಕ್ತಿ, ಹೀಗೆ ಕಾರಣ ಯಾವುದೇ ಇರಲಿ, ನಡೆಯುವುದು, ಬಗ್ಗುವುದು, ಭಾರ ಎತ್ತುವುದು ಕಷ್ಟವಾದಾಗ ಅನೇಕರು ಮೊದಲು ಕೈಬಿಡುವ ಹವ್ಯಾಸಗಳಲ್ಲಿ ಗಿಡ ಬೆಳೆಸುವುದೂ ಒಂದು. ಕೈಬಿಡಬೇಕಾದ ಅಗತ್ಯ ನಿಜಕ್ಕೂ ಇಲ್ಲ. ನೇರ ಬಿಸಿಲು ಬಾರದ ಕೋಣೆಯಲ್ಲೂ ವರ್ಷಗಟ್ಟಲೆ ಹಸಿರಾಗಿ ನಿಲ್ಲುವ, ಎರಡು ಮೂರು ವಾರ ಯಾರೂ ತಿರುಗಿ ನೋಡದಿದ್ದರೂ ಸಾಯದ ಗಿಡಗಳಿವೆ. ಆದರೆ ಅಂಥ ಗಿಡಗಳ ಪಟ್ಟಿಯೊಂದನ್ನು ಹಿಡಿದು ನರ್ಸರಿಗೆ ಹೋದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಗಿಡ ನೋಡಿಕೊಳ್ಳುವವರ ಕೈ ಎಲ್ಲಿಯವರೆಗೆ ಸಲೀಸಾಗಿ ಚಾಚುತ್ತದೆ, ಎಷ್ಟು ಭಾರ ತಾಳುತ್ತದೆ ಎಂಬುದನ್ನು ಮೊದಲು ನೋಡಬೇಕು. ಅದಾದ ಮೇಲೆ, ಆ ಜಾಗಕ್ಕೆ ಎಷ್ಟು ಬೆಳಕು ಬೀಳುತ್ತದೆ ಎಂಬುದನ್ನು ಅಳೆಯಬೇಕು. ಗಿಡದ ಹೆಸರು ಬರಬೇಕಾದದ್ದು ಮೂರನೆಯದಾಗಿ.

ಆರಂಭದಲ್ಲೇ ಹೇಳಬೇಕಾದ ಇನ್ನೊಂದು ಮಾತಿದೆ. ಮೈ ಹಗುರವಾಗಿರುವ ಒಳ್ಳೆಯ ದಿನಗಳನ್ನು ಲೆಕ್ಕಕ್ಕಿಟ್ಟುಕೊಂಡು ಗಿಡ ಆರಿಸಬಾರದು. ನೋವು ಹೆಚ್ಚಾಗಿ ಹಾಸಿಗೆ ಬಿಟ್ಟೇಳಲಾಗದ ವಾರ, ಆಸ್ಪತ್ರೆಯಲ್ಲಿ ಕಳೆಯಬೇಕಾಗಿ ಬರುವ ದಿನಗಳು, ನೆರವಿಗೆ ಬರುವವರೂ ಊರಲ್ಲಿಲ್ಲದ ಹೊತ್ತು, ಇವನ್ನು ತಾಳಿಕೊಳ್ಳಬಲ್ಲ ಗಿಡವೇ ಇಂಥ ಮನೆಗೆ ತಕ್ಕ ಗಿಡ. ಮುಂದಿನ ಪ್ರತಿಯೊಂದು ಹಂತದಲ್ಲೂ ಈ ಅಳತೆಗೋಲನ್ನೇ ಬಳಸಿದ್ದೇನೆ.

ಹಂತ 1: ಕೈಗೆ ಎಟುಕುವ ಜಾಗವನ್ನು ಗುರುತಿಸಿ

ಗಿಡ ನೋಡಿಕೊಳ್ಳುವವರು ದಿನದ ಹೆಚ್ಚಿನ ಹೊತ್ತು ಕೂರುವ ಕುರ್ಚಿಯಲ್ಲೋ ಗಾಲಿಕುರ್ಚಿಯಲ್ಲೋ ಎಂದಿನಂತೆ ಕುಳಿತುಕೊಳ್ಳಲಿ. ಬೆನ್ನನ್ನು ಒರಗಿನಿಂದ ಎತ್ತದೆ, ಭುಜವನ್ನು ಮೇಲಕ್ಕೆಳೆಯದೆ, ಹೆಚ್ಚು ಬಲವಿರುವ ಕೈಯನ್ನು ಮುಂದಕ್ಕೂ ಪಕ್ಕಕ್ಕೂ ಚಾಚಲಿ. ಬೆರಳು ಎಲ್ಲಿಯವರೆಗೆ ನಿರಾಯಾಸವಾಗಿ ತಲುಪುತ್ತದೆಯೋ ಅಲ್ಲಿ ನೆರವಿನವರೊಬ್ಬರು ಗೋಡೆಗೋ ಮೇಜಿಗೋ ಬಣ್ಣದ ಟೇಪಿನ ತುಂಡನ್ನು ಅಂಟಿಸಲಿ. ನಿಂತು ಕೆಲಸ ಮಾಡಬಲ್ಲವರು ಇದನ್ನೇ ನಿಂತು ಮಾಡಬೇಕು, ಆದರೆ ಒಂದು ಕೈಯಲ್ಲಿ ಊರುಗೋಲನ್ನೋ ವಾಕರನ್ನೋ ಹಿಡಿದೇ ಮಾಡಬೇಕು, ಏಕೆಂದರೆ ಗಿಡದ ಕೆಲಸಕ್ಕೆ ಅವರಿಗೆ ಉಳಿಯುವುದು ಇನ್ನೊಂದು ಕೈ ಮಾತ್ರ.

ಅಂಗವಿಕಲರ ಅನುಕೂಲಕ್ಕೆಂದು ಅಮೆರಿಕದಲ್ಲಿ 2010ರಲ್ಲಿ ಪ್ರಕಟವಾದ ಕಟ್ಟಡ ವಿನ್ಯಾಸದ ಮಾನದಂಡಗಳು, ಗಾಲಿಕುರ್ಚಿಯಲ್ಲಿ ಕುಳಿತವರಿಗೆ ಅಡೆತಡೆಯಿಲ್ಲದೆ ಎಟುಕುವ ಎತ್ತರವನ್ನು ನೆಲದಿಂದ ಸುಮಾರು 38 ಸೆಂ.ಮೀ.ನಿಂದ 122 ಸೆಂ.ಮೀ. ಎಂದು ಗೊತ್ತುಪಡಿಸಿವೆ. ಇದು ಕೈ ತಲುಪಬಹುದಾದ ಕೊನೆಯ ಮಿತಿ. ಸ್ವಿಚ್ಚು ಒತ್ತಲು ಅದು ಸಾಕಾಗುತ್ತದೆ, ಆದರೆ ನೀರು ತುಂಬಿದ ಪಾತ್ರೆಯನ್ನು ಹಿಡಿದು ಬಗ್ಗಿಸುವ ಕೆಲಸಕ್ಕೆ ಆ ಮಿತಿಯ ಎರಡು ತುದಿಗಳೂ ಶ್ರಮದಾಯಕ. ಗಿಡಕ್ಕೆ 60ರಿಂದ 100 ಸೆಂ.ಮೀ. ಎತ್ತರವನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಇಲ್ಲಿ ಅಳೆಯಬೇಕಾದದ್ದು ಕುಂಡದ ತಳವನ್ನಲ್ಲ, ಮಣ್ಣಿನ ಮೇಲ್ಮೈಯನ್ನು. 75 ಸೆಂ.ಮೀ. ಎತ್ತರದ ಮೇಜಿನ ಮೇಲೆ 15 ಸೆಂ.ಮೀ.ನ ಕುಂಡವಿಟ್ಟರೆ ಮಣ್ಣು 90 ಸೆಂ.ಮೀ.ನಲ್ಲಿರುತ್ತದೆ, ಕುಳಿತವರ ಎದೆಮಟ್ಟಕ್ಕಿಂತ ಮೇಲೆ ಹೋಗುವುದಿಲ್ಲ. ಅದೇ ಮೇಜಿನ ಮೇಲೆ 35 ಸೆಂ.ಮೀ.ನ ಉದ್ದನೆಯ ಅಲಂಕಾರದ ಕುಂಡವಿಟ್ಟರೆ ಮೊಣಕೈಯನ್ನು ಭುಜದಷ್ಟು ಎತ್ತಬೇಕಾಗುತ್ತದೆ, ಮತ್ತು ಭುಜದ ನೋವಿರುವವರು ಎರಡನೇ ವಾರಕ್ಕೇ ಆ ಗಿಡದಿಂದ ದೂರ ಉಳಿಯತೊಡಗುತ್ತಾರೆ.

ಎತ್ತರದಷ್ಟೇ ಮುಖ್ಯವಾದದ್ದು ಆಳ. ಸೋಫಾದ ಹಿಂದಿನ ಕಿಟಕಿಕಟ್ಟೆ, ಮಂಚದ ಆಚೆ ಬದಿಯ ಮೂಲೆ, ಅಗಲವಾದ ಮೇಜಿನ ಹಿಂಬದಿ, ಇವೆಲ್ಲ ಚಿತ್ರದಲ್ಲಿ ಚೆನ್ನಾಗಿ ಕಾಣುವ ಆದರೆ ಕೈಗೆ ಸಿಗದ ಜಾಗಗಳು. ನಡುವಿನ ಅಡ್ಡಿ 50 ಸೆಂ.ಮೀ. ಮೀರದಂತೆ ನೋಡಿಕೊಳ್ಳಿ. ಗಾಲಿಕುರ್ಚಿ ಸಾಗುವ ದಾರಿಯಲ್ಲಿ ಸುಮಾರು 90 ಸೆಂ.ಮೀ. ಅಗಲವಾದರೂ ಬಿಡುವಿರಬೇಕು, ಮತ್ತು ಆ ಬಿಡುವನ್ನು ಕುಂಡದ ಅಂಚಿನಿಂದಲ್ಲ, ಹೊರಚಾಚಿದ ಎಲೆಗಳ ತುದಿಯಿಂದ ಅಳೆಯಬೇಕು. ನೆಲದವರೆಗೆ ಇಳಿಬಿದ್ದ ಬಳ್ಳಿ ಚಕ್ರಕ್ಕೂ ಊರುಗೋಲಿನ ತುದಿಗೂ ಸುತ್ತಿಕೊಳ್ಳುತ್ತದೆ.

ಚಕ್ರಗಳಿರುವ ಕುಂಡದ ಪೀಠಗಳನ್ನು ಅನೇಕರು ಶಿಫಾರಸು ಮಾಡುತ್ತಾರೆ. ಅವು ಉಪಯುಕ್ತವೇ, ಆದರೆ ನಡೆಯುವಾಗ ಆಯ ತಪ್ಪುವವರ ಮನೆಯಲ್ಲಿ ನನ್ನ ಸಲಹೆ ಬೇರೆ. ಬೀಳುವ ಗಳಿಗೆಯಲ್ಲಿ ಕೈ ಹತ್ತಿರ ಸಿಕ್ಕಿದ್ದನ್ನು ಹಿಡಿಯುತ್ತದೆ. ಆಗ ಉರುಳುವ ಪೀಠವಾಗಲಿ, ತೆಳ್ಳಗಿನ ಮೂರು ಕಾಲಿನ ಸ್ಟ್ಯಾಂಡ್ ಆಗಲಿ ಕೈಗೆ ಸಿಗಬಾರದು. ಓಡಾಡುವ ದಾರಿಯಲ್ಲಿ ಗಿಡವಿಡಬೇಕಾದರೆ ಅಲುಗಾಡದ ಗಟ್ಟಿ ಮೇಜಿನ ಮೇಲೆಯೇ ಇಡಿ.

ಹಂತ 2: ಬೆಳಕನ್ನು ಕಣ್ಣಿನಿಂದಲ್ಲ, ನೆರಳಿನಿಂದ ಅಳೆಯಿರಿ

ನಮ್ಮ ಕಣ್ಣು ಮಂದ ಬೆಳಕಿಗೆ ಬಹಳ ಬೇಗ ಹೊಂದಿಕೊಳ್ಳುತ್ತದೆ. ಹಾಗಾಗಿ ಕಿಟಕಿಯ ಪಕ್ಕಕ್ಕೂ ಕೋಣೆಯ ನಡುವಿಗೂ ಬೆಳಕಿನಲ್ಲಿ ಹಲವು ಪಟ್ಟು ವ್ಯತ್ಯಾಸವಿದ್ದರೂ ನಮಗೆ ಎರಡೂ ಒಂದೇ ಎನ್ನಿಸುತ್ತದೆ. ಬೆಳಕನ್ನು ಅಳೆಯುವ ಮಾನಕ್ಕೆ ಲಕ್ಸ್ ಎನ್ನುತ್ತಾರೆ. ಹೊರಗಿನ ನಡುಹಗಲ ಬಿಸಿಲು ಸುಮಾರು 1,00,000 ಲಕ್ಸ್‌ ಇದ್ದರೆ, ಮನೆಯ ಒಳಭಾಗದಲ್ಲಿ ಅದು ಕೆಲವು ನೂರು ಲಕ್ಸ್‌ಗೆ ಇಳಿದಿರುತ್ತದೆ. ಕಡಿಮೆ ಬೆಳಕಿನ ಗಿಡಗಳು ಎಂದು ಕರೆಸಿಕೊಳ್ಳುವವು ಸಾಮಾನ್ಯವಾಗಿ 250ರಿಂದ 1,000 ಲಕ್ಸ್‌ನ ನಡುವೆ ಜೀವ ಹಿಡಿದುಕೊಳ್ಳುತ್ತವೆ. ಅವುಗಳಿಗೆ ಕತ್ತಲೆ ಇಷ್ಟವೆಂದು ಇದರ ಅರ್ಥವಲ್ಲ, ಕೊರತೆಯನ್ನು ಅವು ಸಹಿಸಿಕೊಳ್ಳುತ್ತವೆ ಅಷ್ಟೆ. ಕಿಟಕಿಯೇ ಇಲ್ಲದ ಕೋಣೆಯಲ್ಲಿ ದೀಪದ ನೆರವಿಲ್ಲದೆ ಯಾವ ಗಿಡವೂ ಬಹುಕಾಲ ಉಳಿಯುವುದಿಲ್ಲ.

ಅಳೆಯಲು ಯಂತ್ರವೇನೂ ಬೇಕಿಲ್ಲ. ಬೆಳಗ್ಗೆ ಹನ್ನೊಂದರಿಂದ ಮಧ್ಯಾಹ್ನ ಒಂದರ ನಡುವೆ, ಕೋಣೆಯ ದೀಪಗಳನ್ನೆಲ್ಲ ಆರಿಸಿ, ಗಿಡವಿಡಬೇಕೆಂದಿರುವ ಜಾಗದಲ್ಲಿ ಒಂದು ಬಿಳಿ ಹಾಳೆಯನ್ನಿಡಿ. ಹಾಳೆಯಿಂದ ಒಂದಡಿ ಮೇಲೆ ಅಂಗೈಯನ್ನು ಬೆರಳು ಬಿಡಿಸಿ ಹಿಡಿಯಿರಿ. ಐದೂ ಬೆರಳು ಎಣಿಸಬಹುದಾದಷ್ಟು ಸ್ಪಷ್ಟವಾದ ನೆರಳು ಬಿದ್ದರೆ ಅದು ಒಳ್ಳೆಯ ಬೆಳಕು. ಕೈಯ ಆಕಾರ ತಿಳಿಯುತ್ತದೆ, ಆದರೆ ಬೆರಳುಗಳ ಅಂಚು ಒಂದರೊಳಗೊಂದು ಕಲಸಿಕೊಂಡಿದೆ ಎಂದಾದರೆ ಅದು ಈ ಮಾರ್ಗದರ್ಶಿಯಲ್ಲಿ ಹೇಳುವ ಗಿಡಗಳಿಗೆ ಸಾಕಾಗುವ ಕಡಿಮೆ ಬೆಳಕು. ಹಾಳೆಯ ಮೇಲೆ ಬರಿಯ ಮಬ್ಬು ಮಚ್ಚೆಯೊಂದು ಕಂಡರೆ, ಅಥವಾ ಅದೂ ಕಾಣದಿದ್ದರೆ, ಅಲ್ಲಿ ದೀಪ ಬೇಕು. ಕಿಟಕಿ ಯಾವ ದಿಕ್ಕಿಗಿದೆ ಎಂಬುದಕ್ಕಿಂತ ಈ ಪರೀಕ್ಷೆ ಹೆಚ್ಚು ನಂಬಿಕೆಗೆ ಅರ್ಹ, ಏಕೆಂದರೆ ಎದುರಿನ ಕಟ್ಟಡ, ಮರ, ಸಜ್ಜಾ, ದಪ್ಪ ಪರದೆ ಇವೆಲ್ಲವೂ ದಿಕ್ಕಿನ ಲೆಕ್ಕವನ್ನು ಸುಳ್ಳು ಮಾಡುತ್ತವೆ. ಕುಂಡವಿರುವ ಎತ್ತರದಿಂದ ನೋಡಿದಾಗ ಆಕಾಶದ ಒಂದು ತುಣುಕಾದರೂ ಕಾಣುತ್ತದೆಯೇ ಎಂದೂ ಗಮನಿಸಿ. ಕಂಡರೆ ಜಾಗ ಪರವಾಗಿಲ್ಲ.

ದೀಪ ಬೇಕಾದರೆ 10ರಿಂದ 15 ವ್ಯಾಟ್‌ನ ಬಿಳಿ ಎಲ್‌ಇಡಿ ಬಲ್ಬನ್ನು ಎಲೆಗಳಿಂದ 30ರಿಂದ 45 ಸೆಂ.ಮೀ. ಮೇಲೆ ಬರುವಂತೆ ಹೊಂದಿಸಿ, ದಿನಕ್ಕೆ ಸುಮಾರು 12 ಗಂಟೆ ಉರಿಯುವಂತೆ ಟೈಮರ್‌ಗೆ ಜೋಡಿಸಿಬಿಡಿ. ಟೈಮರ್ ಇಲ್ಲದಿದ್ದರೆ ಗಿಡಕ್ಕಾಗಿ ದಿನಕ್ಕೆರಡು ಬಾರಿ ಸ್ವಿಚ್ಚಿನ ಬಳಿ ಹೋಗಬೇಕಾಗುತ್ತದೆ, ಆಗ ಕಡಿಮೆ ಆರೈಕೆಯ ಗಿಡವೆಂಬ ಮಾತಿಗೆ ಅರ್ಥವೇ ಉಳಿಯುವುದಿಲ್ಲ. ದೀಪದ ವೈರು ನಡೆಯುವ ದಾರಿಗೆ ಅಡ್ಡಬಾರದಂತೆ ಗೋಡೆಗುಂಟ ಬಿಗಿಯಬೇಕು.

ಹಂತ 3: ಕುಂಡ, ಮಣ್ಣು ಮತ್ತು ಭಾರದ ಲೆಕ್ಕ

ಒಂದು ಲೀಟರ್ ನೀರೆಂದರೆ ಒಂದು ಕಿಲೋ. ನೀರುಂಡ ಮಣ್ಣಿನ ಭಾರ ಇದಕ್ಕೆ ಸೇರುತ್ತದೆ. 15 ಸೆಂ.ಮೀ. ವ್ಯಾಸದ ಪ್ಲಾಸ್ಟಿಕ್ ಕುಂಡ ನೀರು ಹಾಕಿದ ಮೇಲೂ ಎರಡು ಕಿಲೋದ ಆಸುಪಾಸಿನಲ್ಲಿರುತ್ತದೆ, ಆದರೆ 30 ಸೆಂ.ಮೀ. ವ್ಯಾಸದ ಕುಂಡ ಸುಲಭವಾಗಿ ಹತ್ತು ಕಿಲೋ ದಾಟುತ್ತದೆ. ಸುಟ್ಟ ಮಣ್ಣಿನದೋ ಪಿಂಗಾಣಿಯದೋ ಆದರೆ ಇನ್ನೂ ಹೆಚ್ಚು. ಆದ್ದರಿಂದ 10ರಿಂದ 15 ಸೆಂ.ಮೀ.ನ ಹಗುರವಾದ ಪ್ಲಾಸ್ಟಿಕ್ ಕುಂಡಗಳಿಗೇ ಅಂಟಿಕೊಳ್ಳಿ. ಅಂದ ಬೇಕೆನಿಸಿದರೆ ತೂತಿರುವ ಆ ಪ್ಲಾಸ್ಟಿಕ್ ಕುಂಡವನ್ನು ಸ್ವಲ್ಪ ದೊಡ್ಡದಾದ ಅಲಂಕಾರದ ಹೊರಕುಂಡದೊಳಗೆ ಕೂರಿಸಬಹುದು. ಹೊರಕುಂಡದ ತಳಕ್ಕೆ ಎರಡು ಬೆರಳಿನಷ್ಟು ಜಲ್ಲಿಕಲ್ಲು ಹಾಕಿದರೆ ಹೆಚ್ಚಾದ ನೀರು ಕೆಳಗೆ ನಿಲ್ಲುತ್ತದೆ, ಬೇರು ಅದರಲ್ಲಿ ಮುಳುಗುವುದಿಲ್ಲ, ತಟ್ಟೆಯನ್ನು ಪದೇ ಪದೇ ಎತ್ತಿ ಬರಿದು ಮಾಡುವ ಕೆಲಸವೂ ತಪ್ಪುತ್ತದೆ. ನಿಂತ ನೀರು ಕಲ್ಲಿನ ಮಟ್ಟ ಮೀರಿದಾಗ ಸೂಜಿಯಿಲ್ಲದ ದೊಡ್ಡ ಸಿರಿಂಜಿನಿಂದಲೋ ಸ್ಪಂಜಿನಿಂದಲೋ ಹೀರಿ ತೆಗೆಯಬಹುದು.

ಮಣ್ಣಿಗೆ ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಮತ್ತು ಚೆನ್ನಾಗಿ ಕಳಿತ ಕಾಂಪೋಸ್ಟ್ ಬೆರೆಸಿದ ಮಿಶ್ರಣ ಸೂಕ್ತ. ತೋಟದ ಮಣ್ಣಿಗಿಂತ ಇದು ಹಗುರ. ಬೆಳಕು ಕಡಿಮೆಯಿರುವ ಕಡೆ ಮಣ್ಣು ಬಹಳ ನಿಧಾನವಾಗಿ ಒಣಗುವುದರಿಂದ ಪರ್ಲೈಟಿನ ಪಾಲನ್ನು ಮೂರನೇ ಒಂದು ಭಾಗದವರೆಗೂ ಏರಿಸಬಹುದು. ಸಂಧಿವಾತಕ್ಕೆ, ಅಂಗಾಂಗ ಕಸಿಗೆ ಅಥವಾ ಬೇರೆ ಕಾಯಿಲೆಗೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ಸೇವಿಸುತ್ತಿರುವವರು ಇಲ್ಲೊಂದು ಎಚ್ಚರ ವಹಿಸಬೇಕು. ಕುಂಡಕ್ಕೆ ಬಳಸುವ ಮಿಶ್ರಣಗಳಲ್ಲಿ ಲೆಜಿಯೊನೆಲ್ಲಾ ಲಾಂಗ್‌ಬೀಚೆ ಎಂಬ ಬ್ಯಾಕ್ಟೀರಿಯಾ ಇರಬಹುದು. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗಳಲ್ಲಿ ಇದರಿಂದ ನ್ಯುಮೋನಿಯಾ ಬಂದ ಪ್ರಕರಣಗಳು ದಾಖಲಾಗಿವೆ. ಮಿಶ್ರಣದ ಚೀಲವನ್ನು ಗಾಳಿಯಾಡುವ ಜಾಗದಲ್ಲಿ, ಮುಖದಿಂದ ದೂರ ಹಿಡಿದು ತೆರೆಯಬೇಕು, ಧೂಳೇಳದಂತೆ ನೀರು ಚಿಮುಕಿಸಬೇಕು, ಮಾಸ್ಕ್ ಮತ್ತು ಕೈಗವಸು ಧರಿಸಬೇಕು, ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯಬೇಕು. ಇಂಥವರ ಮನೆಯಲ್ಲಿ ಕುಂಡ ತುಂಬುವ ಕೆಲಸವನ್ನು ಬೇರೆಯವರು ಮಾಡುವುದೇ ಸರಿ, ಮತ್ತು ಗಿಡ ತರುವ ಮುಂಚೆ ತಮ್ಮ ವೈದ್ಯರಲ್ಲಿ ಒಂದು ಮಾತು ಕೇಳುವುದು ಇನ್ನೂ ಸರಿ.

ಹಂತ 4: ಗಿಡವನ್ನು ಆರಿಸಿ

ಒಂದೇ ಗಿಡವನ್ನು ತರುವುದಾದರೆ ಯಾವುದು ಎಂದು ಕೇಳಿದರೆ, ಮನೆಯಲ್ಲಿ ಸಾಕುಪ್ರಾಣಿಯೂ ಎಳೆಯ ಮಕ್ಕಳೂ ಇಲ್ಲದಿದ್ದಲ್ಲಿ ನನ್ನ ಉತ್ತರ ಝಡ್‌ಝಡ್ ಪ್ಲಾಂಟ್. ಝಾಮಿಯೊಕಲ್ಕಾಸ್ ಎಂಬುದು ಇದರ ಶಾಸ್ತ್ರೀಯ ಹೆಸರಿನ ಮೊದಲ ಭಾಗ. ಕೀನ್ಯಾದಿಂದ ದಕ್ಷಿಣ ಆಫ್ರಿಕಾದ ಈಶಾನ್ಯ ಭಾಗದವರೆಗೆ, ಮಳೆ ಬಂದರೆ ಬಂತು ಇಲ್ಲದಿದ್ದರೆ ತಿಂಗಳುಗಟ್ಟಲೆ ಇಲ್ಲ ಎಂಬಂಥ ನೆಲದಲ್ಲಿ ಇದು ಬೆಳೆಯುತ್ತದೆ. ಮಣ್ಣನ್ನು ಸರಿಸಿ ನೋಡಿದರೆ ಸಣ್ಣ ಆಲೂಗಡ್ಡೆಯಂಥ ಗೆಡ್ಡೆಗಳು ಒತ್ತೊತ್ತಾಗಿ ಕಾಣುತ್ತವೆ. ಗಿಡದ ನೀರಿನ ದಾಸ್ತಾನು ಅಲ್ಲೇ ಇರುವುದು. ಆದ್ದರಿಂದ ಮಂದ ಬೆಳಕಿನಲ್ಲಿ ಮೂರರಿಂದ ಐದು ವಾರಕ್ಕೊಮ್ಮೆ ನೀರು ಸಾಕು. ಬೆಳವಣಿಗೆ ಎಷ್ಟು ನಿಧಾನವೆಂದರೆ ಕತ್ತರಿಸುವ, ಕುಂಡ ಬದಲಿಸುವ ಕೆಲಸ ವರ್ಷಗಟ್ಟಲೆ ಬರುವುದಿಲ್ಲ. ದಂಟು ಸುಕ್ಕುಗಟ್ಟಿದರೆ ಬಾಯಾರಿದೆ ಎಂದು ತಿಳಿಯಬೇಕು, ದಂಟಿನ ಬುಡ ಮೆತ್ತಗಾಗಿ ಎಲೆ ಹಳದಿಯಾದರೆ ನೀರು ಹೆಚ್ಚಾಗಿದೆ ಎಂದು ತಿಳಿಯಬೇಕು.

ಇದಕ್ಕೆ ಸಮನಾಗಿ ನಿಲ್ಲುವುದು ಸ್ನೇಕ್ ಪ್ಲಾಂಟ್. ಪಶ್ಚಿಮ ಆಫ್ರಿಕಾ ಮೂಲದ ಈ ಗಿಡವನ್ನು ಹಿಂದೆ ಸ್ಯಾನ್ಸೆವೀರಿಯಾ ಎನ್ನುತ್ತಿದ್ದರು, ಈಗ ಸಸ್ಯಶಾಸ್ತ್ರಜ್ಞರು ಡ್ರಸೀನಾ ಕುಲಕ್ಕೆ ಸೇರಿಸಿದ್ದಾರೆ. ಇದರ ಎಲೆಯ ರಂಧ್ರಗಳು ಮುಖ್ಯವಾಗಿ ರಾತ್ರಿಯ ತಂಪಿನಲ್ಲಿ ತೆರೆದುಕೊಳ್ಳುವುದರಿಂದ ಹಗಲಿನ ಬಿಸಿಗೆ ನೀರು ಆವಿಯಾಗಿ ಹೋಗುವುದು ತೀರಾ ಕಡಿಮೆ. ಮೂರು ನಾಲ್ಕು ವಾರ ನೀರಿಲ್ಲದೆ ನಿಶ್ಚಿಂತೆಯಿಂದ ಇರುತ್ತದೆ. ಓಡಾಟ ಕಷ್ಟವಾದವರು ಇದರ ಎತ್ತರದ ಜಾತಿಗಿಂತ ‘ಹಾನಿ’ (Hahnii) ಎಂಬ ಹೆಸರಿನ ಕುಳ್ಳ ತಳಿಯನ್ನು ಆರಿಸುವುದು ಮೇಲು. ಹೂವಿನ ಎಸಳಿನಂತೆ ಸುತ್ತಲೂ ಹರಡಿದ ಎಲೆಗಳ ಈ ತಳಿ 15–20 ಸೆಂ.ಮೀ.ಗಿಂತ ಹೆಚ್ಚು ಬೆಳೆಯುವುದು ಅಪರೂಪ. ಎತ್ತರದ ಜಾತಿಗಳು ತಲೆಭಾರವಾಗಿ, ತೋಳು ತಗುಲಿದರೆ ಹಗುರವಾದ ಕುಂಡದ ಸಮೇತ ಉರುಳಬಹುದು.

ಸಾಕುಪ್ರಾಣಿಗಳಿದ್ದರೆ, ಚಿಕ್ಕ ಮಕ್ಕಳಿದ್ದರೆ, ಅಥವಾ ಮರೆಗುಳಿತನದಿಂದ ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುವವರು ಮನೆಯಲ್ಲಿದ್ದರೆ ಮೇಲಿನ ಎರಡೂ ಬೇಡ. ಝಡ್‌ಝಡ್ ಪ್ಲಾಂಟ್, ಮನಿಪ್ಲಾಂಟ್, ಫಿಲೊಡೆಂಡ್ರಾನ್, ಅಗ್ಲೊನೀಮಾ, ಪೀಸ್ ಲಿಲಿ ಇವೆಲ್ಲವೂ ಕೆಸುವಿನ ಕುಟುಂಬಕ್ಕೆ ಸೇರಿದವು. ಕೆಸುವಿನ ತುರಿಕೆಗೆ ಕಾರಣವಾದ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು ಇವುಗಳಲ್ಲೂ ಇವೆ. ಜಗಿದರೆ ಬಾಯಿ, ನಾಲಗೆ ಉರಿದು ಬಾವು ಬರುತ್ತದೆ. ಸ್ನೇಕ್ ಪ್ಲಾಂಟ್‌ನಲ್ಲಿರುವ ಸಪೋನಿನ್‌ಗಳು ನಾಯಿ ಬೆಕ್ಕುಗಳಿಗೆ ವಾಂತಿ ತರಿಸುತ್ತವೆ. ಇಂಥ ಮನೆಗೆ ಆಸ್ಪಿಡಿಸ್ಟ್ರಾ ನಿಸ್ಸಂಶಯವಾಗಿ ಮೊದಲ ಆಯ್ಕೆ. ಕಲ್ಲಿದ್ದಲ ಹೊಗೆ ಮತ್ತು ಗ್ಯಾಸ್ ದೀಪಗಳ ನಡುವೆ 19ನೇ ಶತಮಾನದ ಇಂಗ್ಲೆಂಡಿನ ಮನೆಗಳ ಕತ್ತಲೆ ಕೋಣೆಗಳಲ್ಲಿ ಬದುಕಿ ಹೆಸರು ಮಾಡಿದ ಗಿಡವಿದು. ಅಗಲವಾದ ಕಡುಹಸಿರು ಎಲೆಗಳು ನೇರವಾಗಿ ಮಣ್ಣಿನಿಂದಲೇ ಮೇಲೇಳುತ್ತವೆ. ಎಲ್ಲ ನರ್ಸರಿಗಳಲ್ಲೂ ಸಿಗುವುದಿಲ್ಲ, ಆದರೆ ಹುಡುಕಿ ತರುವ ಶ್ರಮಕ್ಕೆ ಇದು ತಕ್ಕುದಾಗಿದೆ. ಸಿಗದಿದ್ದರೆ ಪಾರ್ಲರ್ ಪಾಮ್ ಎಂಬ ಕುಳ್ಳ ತಾಳೆ ಅಥವಾ ಸ್ಪೈಡರ್ ಪ್ಲಾಂಟ್ ಆಗಬಹುದು. ಇವೆರಡೂ ನಾಯಿ ಬೆಕ್ಕುಗಳಿಗೆ ವಿಷವಲ್ಲ, ಆದರೆ ಸ್ಪೈಡರ್ ಪ್ಲಾಂಟ್‌ಗೆ ತುಸು ಹೆಚ್ಚು ಬೆಳಕು ಬೇಕು.

ಅಗ್ಲೊನೀಮಾದಲ್ಲಿ ಹಸಿರು ಮತ್ತು ಬೂದು ಮಿಶ್ರಿತ ಎಲೆಯ ತಳಿಗಳನ್ನೇ ಆರಿಸಿ. ಕೆಂಪು, ಗುಲಾಬಿ ಎಲೆಯವಕ್ಕೆ ಹೆಚ್ಚು ಬೆಳಕು ಬೇಕು, ಮಬ್ಬಿನಲ್ಲಿ ಬಣ್ಣ ಕಳೆದುಕೊಳ್ಳುತ್ತವೆ. ಈ ನಿಯಮ ಇತರ ಗಿಡಗಳಿಗೂ ಅನ್ವಯಿಸುತ್ತದೆ. ಎಲೆಯಲ್ಲಿ ಬಿಳಿ ಅಥವಾ ಹಳದಿ ಪಟ್ಟೆ ಹೆಚ್ಚಿದ್ದಷ್ಟೂ ಆಹಾರ ತಯಾರಿಸುವ ಹಸಿರು ಭಾಗ ಕಡಿಮೆ, ಬೆಳಕಿನ ಬೇಡಿಕೆ ಹೆಚ್ಚು.

ಮನಿಪ್ಲಾಂಟ್ ಸಾಯಿಸಲು ಕಷ್ಟವಾದ ಗಿಡವೆಂಬುದು ನಿಜ, ಆದರೆ ಅದರ ಬಳ್ಳಿ ನಿಲ್ಲದೆ ಉದ್ದವಾಗುತ್ತದೆ, ಕತ್ತರಿಸುತ್ತಲೇ ಇರಬೇಕಾಗುತ್ತದೆ. ಕತ್ತರಿ ಹಿಡಿಯಲು ಬೆರಳಿಗೆ ಬಲವಿಲ್ಲದವರಿಗೆ ಇದೇ ಒಂದು ಹೊರೆ. ಅಂಥವರು ಅದನ್ನು ಮಣ್ಣಿನಲ್ಲಿ ನೆಡದೆ ನೀರಿನಲ್ಲಿ ಇಡಬಹುದು. ಒಂದೆರಡು ಗಂಟುಗಳಿರುವ ತುಂಡನ್ನು ಅಗಲ ತಳದ, ಬೆಳಕು ಒಳಹೋಗದ ಪಾತ್ರೆಯಲ್ಲಿ ನಿಲ್ಲಿಸಿ, ಎರಡು ಮೂರು ವಾರಕ್ಕೊಮ್ಮೆ ನೀರು ಬದಲಿಸಿದರೆ ಸಾಕು. ಗಾಜಿನ ಪಾತ್ರೆ ಚೆಂದ ಕಾಣುತ್ತದೆ, ಆದರೆ ಪಾಚಿ ಕಟ್ಟಿ ಉಜ್ಜುವ ಕೆಲಸ ಹೆಚ್ಚುತ್ತದೆ. ಅಗ್ಲೊನೀಮಾ ಕೂಡ ಹೀಗೆ ನೀರಿನಲ್ಲಿ ಚೆನ್ನಾಗಿ ಬೆಳೆಯುತ್ತದೆ.

ಪೀಸ್ ಲಿಲಿಯ ವಿಷಯದಲ್ಲಿ ಸ್ವಲ್ಪ ಯೋಚಿಸಬೇಕು. ನೀರು ಕಡಿಮೆಯಾದ ದಿನ ಅದರ ಎಲೆಗಳೆಲ್ಲ ಕುಂಡದ ಅಂಚಿನಾಚೆ ಜೋತುಬೀಳುತ್ತವೆ, ನೀರೆರೆದ ಕೆಲವೇ ಗಂಟೆಗಳಲ್ಲಿ ಎದ್ದು ನಿಲ್ಲುತ್ತವೆ. ಮಣ್ಣು ಮುಟ್ಟಿ ನೋಡಲಾಗದವರಿಗೆ, ಬೆರಳ ತುದಿಯಲ್ಲಿ ಸ್ಪರ್ಶ ಕಡಿಮೆಯಾದವರಿಗೆ, ದೂರದಿಂದಲೇ ಕಾಣುವ ಈ ಸೂಚನೆ ದೊಡ್ಡ ಅನುಕೂಲ. ಆದರೆ ವಾರಕ್ಕೊಮ್ಮೆಯಾದರೂ ನೀರು ಬೇಕು, ಹಾಸಿಗೆ ಹಿಡಿದ ಹದಿನೈದು ದಿನಗಳನ್ನು ಇದು ತಾಳುವುದಿಲ್ಲ. ಪಕ್ಕದಲ್ಲಿ ಯಾರಾದರೂ ಸದಾ ಇರುತ್ತಾರೆಂದಾದರೆ ಮಾತ್ರ ತನ್ನಿ.

ಬೋಸ್ಟನ್ ಫರ್ನ್, ಕ್ಯಾಲಥಿಯಾ, ಫೈಕಸ್ ಬೆಂಜಮಿನಾ ಬೇಡ. ಮೊದಲನೆಯದು ಸಣ್ಣ ಎಲೆಗಳನ್ನು ನೆಲದ ತುಂಬ ಉದುರಿಸುತ್ತದೆ, ಬಗ್ಗಿ ಗುಡಿಸಬೇಕಾದವರಿಗೆ ಅದು ಶಿಕ್ಷೆ. ಎರಡನೆಯದಕ್ಕೆ ಸದಾ ತೇವದ ಗಾಳಿ ಬೇಕು, ಮೂರನೆಯದು ಜಾಗ ಬದಲಿಸಿದರೂ ಎಲೆ ಸುರಿಸುತ್ತದೆ. ನೀರು ಕೇಳುವುದಿಲ್ಲವೆಂಬ ಕಾರಣಕ್ಕೆ ಕಳ್ಳಿ, ಎಚಿವೇರಿಯಾದಂಥ ರಸಭರಿತ ಗಿಡಗಳನ್ನು ತಂದರೆ ಮಂದ ಬೆಳಕಿನಲ್ಲಿ ಅವು ತೆಳ್ಳಗೆ ಉದ್ದುದ್ದ ಬೆಳೆದು ಕೊಳೆಯುತ್ತವೆ. ಡೈಫೆನ್‌ಬೇಕಿಯಾದ ರಸ ಚರ್ಮಕ್ಕೂ ಕಣ್ಣಿಗೂ ಉರಿ ತರುವುದರಿಂದ, ತಕ್ಷಣ ಎದ್ದು ಹೋಗಿ ಕೈ ತೊಳೆಯಲಾಗದವರ ಬಳಿ ಅದನ್ನು ಇಡುವುದು ಉಚಿತವಲ್ಲ.

ಗಾಳಿ ಶುದ್ಧೀಕರಿಸುತ್ತದೆ ಎಂಬ ಕಾರಣಕ್ಕೆ ಹೆಚ್ಚು ಗಿಡಗಳನ್ನು ಕೊಳ್ಳಬೇಡಿ. ಆ ನಂಬಿಕೆಗೆ ಮೂಲವಾದ ನಾಸಾದ 1989ರ ಪ್ರಯೋಗ ನಡೆದದ್ದು ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. ಇಂಥ ಹಲವು ಪ್ರಯೋಗಗಳನ್ನು 2019ರಲ್ಲಿ ಒಟ್ಟಾಗಿ ಪರಿಶೀಲಿಸಿದ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಸಂಶೋಧಕರು, ಮನೆಯಲ್ಲಿ ಸಹಜವಾಗಿ ಆಡುವ ಗಾಳಿಯಷ್ಟು ಪರಿಣಾಮ ಗಿಡಗಳಿಂದ ಬರಬೇಕಾದರೆ ಒಂದು ಚದರ ಮೀಟರಿಗೆ 10ರಿಂದ 1,000 ಗಿಡಗಳು ಬೇಕಾಗುತ್ತವೆ ಎಂದು ಲೆಕ್ಕ ಹಾಕಿದ್ದಾರೆ. ಕಣ್ಣಿಗೆ ಹಸಿರು ಕಾಣಬೇಕು, ಕೈಯಾರೆ ಒಂದು ಜೀವವನ್ನು ನೋಡಿಕೊಳ್ಳಬೇಕು ಎಂಬುದೇ ಸಾಕಾದ ಕಾರಣ. ಅದಕ್ಕೆ ಮೊದಲ ವರ್ಷ ಎರಡು ಗಿಡಗಳಿಗಿಂತ ಹೆಚ್ಚು ಬೇಡ.

ಹಂತ 5: ಕೊಳ್ಳುವುದು ಮತ್ತು ಮನೆಗೆ ತರುವುದು

ನರ್ಸರಿಗೆ ಸ್ವತಃ ಹೋಗಲಾಗದಿದ್ದರೆ, ತರುವವರಿಗೆ ಗಿಡದ ಹೆಸರಿನೊಂದಿಗೆ ಕುಂಡದ ಅಳತೆಯನ್ನೂ ಬರೆದುಕೊಡಿ. ಇಲ್ಲವಾದರೆ ಪ್ರೀತಿಯಿಂದ ಎಲ್ಲಕ್ಕಿಂತ ದೊಡ್ಡ ಗಿಡವನ್ನೇ ತಂದುಬಿಡುತ್ತಾರೆ. ಎಲೆಯ ಅಡಿಭಾಗದಲ್ಲೂ ದಂಟಿನ ಸಂದಿನಲ್ಲೂ ಹತ್ತಿಯಂಥ ಬಿಳಿ ಅಂಟು ಇದೆಯೇ ಎಂದು ನೋಡುವಂತೆ ಹೇಳಿ. ಹಿಟ್ಟು ತಿಗಣೆಯ ಗುರುತು ಅದು. ಮನೆಗೆ ಬಂದ ಗಿಡವನ್ನು ಎರಡು ವಾರ ಬೇರೆ ಗಿಡಗಳಿಂದ ದೂರವಿಡಬೇಕು. ನರ್ಸರಿಯ ಹೆಚ್ಚು ಬೆಳಕಿನಲ್ಲಿ ಬೆಳೆದ ಗಿಡ ಮೊದಲ ತಿಂಗಳಲ್ಲಿ ಒಂದೆರಡು ಹಳೆಯ ಎಲೆಗಳನ್ನು ಹಳದಿ ಮಾಡಿಕೊಂಡರೆ ಗಾಬರಿ ಬೇಡ, ಹೊಸ ಬೆಳಕಿಗೆ ಹೊಂದಿಕೊಳ್ಳುತ್ತಿದೆ. ಆ ಹೊತ್ತಿನಲ್ಲಿ ಹೆಚ್ಚು ನೀರು ಹಾಕುವುದೇ ಅಪಾಯ.

ಹಂತ 6: ನೀರು ಹಾಕುವ ಕ್ರಮ

ಬೆಳಕು ಕಡಿಮೆಯಿದ್ದಾಗ ಗಿಡ ನೀರನ್ನು ನಿಧಾನವಾಗಿ ಬಳಸುತ್ತದೆ. ಸದಾ ಒದ್ದೆಯಾದ ಮಣ್ಣಿನಲ್ಲಿ ಬೇರಿಗೆ ಗಾಳಿ ಸಿಗದೆ ಕೊಳೆ ರೋಗ ಹತ್ತುತ್ತದೆ. ಮನೆಯೊಳಗಿನ ಗಿಡಗಳು ಬಾಯಾರಿಕೆಗಿಂತ ಹೆಚ್ಚಾಗಿ ಸಾಯುವುದು ಹೀಗೆಯೇ. ಓಡಾಟ ಕಷ್ಟವಾದವರಿಗೆ ಇದು ಸಮಾಧಾನದ ಸಂಗತಿ, ಏಕೆಂದರೆ ಈ ಗಿಡಗಳ ಮಟ್ಟಿಗೆ ತಡವಾಗಿ ನೀರು ಹಾಕುವುದು ಬೇಗ ಹಾಕುವುದಕ್ಕಿಂತ ಯಾವಾಗಲೂ ಕ್ಷೇಮ.

ಮಣ್ಣು ಒಣಗಿದೆಯೇ ಎಂದು ತಿಳಿಯಲು ಉದ್ದನೆಯ ಬಿದಿರ ಕಡ್ಡಿಯೊಂದನ್ನು ಕುಂಡದಲ್ಲೇ ತಳದವರೆಗೆ ಚುಚ್ಚಿಡಿ. ಅದನ್ನು ಎಳೆದು ನೋಡಿದಾಗ ಮಣ್ಣು ಅಂಟಿಕೊಂಡು ಕಡ್ಡಿಯ ಬಣ್ಣ ಗಾಢವಾಗಿದ್ದರೆ ನೀರು ಬೇಡ, ಒಣಗಿ ತಿಳಿಬಣ್ಣಕ್ಕೆ ತಿರುಗಿದ್ದರೆ ಹಾಕಬಹುದು. ಹಿಡಿತ ಕಷ್ಟವಾದವರು ಕಡ್ಡಿಯ ಮೇಲ್ತುದಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಳ್ಳಬಹುದು. ಝಡ್‌ಝಡ್ ಮತ್ತು ಸ್ನೇಕ್ ಪ್ಲಾಂಟ್‌ಗಳಿಗೆ ಕಡ್ಡಿ ತಳದವರೆಗೂ ಒಣಗಿರಬೇಕು. ಆಸ್ಪಿಡಿಸ್ಟ್ರಾ, ಅಗ್ಲೊನೀಮಾಗಳಿಗೆ ಮೇಲಿನ ಅರ್ಧ ಒಣಗಿದರೆ ಸಾಕು, ಸಾಮಾನ್ಯವಾಗಿ ಹತ್ತರಿಂದ ಹದಿನೈದು ದಿನ ಹಿಡಿಯುತ್ತದೆ.

15 ಸೆಂ.ಮೀ. ಕುಂಡಕ್ಕೆ ಒಂದು ಸಲಕ್ಕೆ ಕಾಲು ಲೀಟರಿನಿಂದ 350 ಮಿ.ಲೀ. ನೀರು ಸಾಕು. ಅರ್ಧ ಲೀಟರಿನ ಬಾಟಲಿಗೆ ಆ ಅಳತೆಯಲ್ಲಿ ಗೆರೆ ಹಾಕಿಟ್ಟುಕೊಂಡರೆ ಪ್ರತಿ ಬಾರಿ ಅಂದಾಜು ಮಾಡುವ ಕೆಲಸವಿಲ್ಲ. ಬಾಟಲಿಯನ್ನು ಹಿಂಡಿ ನೀರು ಹಾಕುವುದು ಸಂಧಿವಾತದ ಬೆರಳಿಗೆ ನೋವು, ಅಂಥವರಿಗೆ ಉದ್ದ ಮೂತಿಯ, ಎರಡು ಕೈಯಲ್ಲೂ ಹಿಡಿಯಬಹುದಾದ ಹಗುರ ಪ್ಲಾಸ್ಟಿಕ್ ಪಾತ್ರೆ ಒಳ್ಳೆಯದು. ನೆರವಿನವರು ಬಂದಾಗ ಎರಡು ಮೂರು ಬಾಟಲಿ ತುಂಬಿ ಗಿಡದ ಪಕ್ಕದಲ್ಲೇ ಇಟ್ಟುಹೋದರೆ ನಲ್ಲಿಯಿಂದ ನೀರು ಹೊತ್ತು ತರುವ ಪ್ರಯಾಸ ತಪ್ಪುತ್ತದೆ. ನೆಲಕ್ಕೆ ಚೆಲ್ಲಿದ ನೀರಿನಿಂದ ಜಾರಿ ಬೀಳುವ ಭಯವೂ ತಪ್ಪುತ್ತದೆ.

ತಾನೇ ನೀರುಣ್ಣುವ ಕುಂಡಗಳು ಎಲ್ಲ ಗಿಡಕ್ಕೂ ಅಲ್ಲ. ಅವುಗಳಲ್ಲಿ ಬತ್ತಿಯೊಂದು ಕೆಳಗಿನ ತೊಟ್ಟಿಯಿಂದ ನೀರನ್ನು ಮೇಲಕ್ಕೆ ಎಳೆದು ಮಣ್ಣನ್ನು ಯಾವಾಗಲೂ ತೇವವಾಗಿಡುತ್ತದೆ. ಪೀಸ್ ಲಿಲಿಗೆ ಇದು ವರ, ಅಗ್ಲೊನೀಮಾಗೂ ಆದೀತು. ಝಡ್‌ಝಡ್ ಮತ್ತು ಸ್ನೇಕ್ ಪ್ಲಾಂಟ್‌ಗಳ ಗೆಡ್ಡೆ ಮತ್ತು ಬೇರು ಅದರಲ್ಲಿ ಕೊಳೆಯುತ್ತವೆ.

ಹಂತ 7: ಉಳಿದ ಕೆಲಸಗಳನ್ನು ಹಂಚಿಕೊಳ್ಳಿ

ಎಲೆಯ ಮೇಲೆ ಕೂತ ಧೂಳು ಇರುವ ಅಲ್ಪ ಬೆಳಕನ್ನೂ ತಡೆಯುತ್ತದೆ. ಮೈಕ್ರೋಫೈಬರ್ ಕೈಗವಸನ್ನು ತುಸು ಒದ್ದೆ ಮಾಡಿ ತೊಟ್ಟುಕೊಂಡು ಎಲೆಯನ್ನು ಬೆರಳುಗಳ ನಡುವೆ ಹಿಡಿದು ಎಳೆದರೆ ಬಟ್ಟೆ ಹಿಂಡುವ ಶ್ರಮವಿಲ್ಲದೆ ಎರಡೂ ಬದಿ ಒಂದೇ ಬಾರಿಗೆ ಸ್ವಚ್ಛವಾಗುತ್ತವೆ. ತಿಂಗಳಿಗೊಮ್ಮೆ, ಕುಳಿತಲ್ಲೇ, ಒಂದಿಷ್ಟು ಎಲೆ ಇಂದು, ಉಳಿದವು ನಾಳೆ ಎಂಬಂತೆ ಮಾಡಬಹುದಾದ ಕೆಲಸ ಇದು, ಮತ್ತು ಇದನ್ನು ಬೇರೆಯವರಿಗೆ ಬಿಟ್ಟುಕೊಡಬಾರದೆಂದು ನಾನು ಒತ್ತಿ ಹೇಳುತ್ತೇನೆ. ಗಿಡವನ್ನು ಹತ್ತಿರದಿಂದ ನೋಡುವ ಅವಕಾಶ ಇದರಲ್ಲೇ ಇದೆ, ಕೀಟ ಮೊದಲು ಕಣ್ಣಿಗೆ ಬೀಳುವುದೂ ಆಗಲೇ. ಹಿಟ್ಟು ತಿಗಣೆ ಕಂಡರೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ವಾರದ ನಂತರ ಮತ್ತೊಮ್ಮೆ ನೋಡಿ. ಮಣ್ಣಿನ ಮೇಲೆ ಸಣ್ಣ ಕಪ್ಪು ನೊಣಗಳು ಹಾರುತ್ತಿದ್ದರೆ ಔಷಧ ಹುಡುಕುವ ಮೊದಲು ನೀರು ಹಾಕುವುದನ್ನು ನಿಲ್ಲಿಸಿ, ಮೇಲ್ಮಣ್ಣು ಒಣಗಿದರೆ ಅವುಗಳ ಮರಿಗಳು ಬದುಕುವುದಿಲ್ಲ.

ಗೊಬ್ಬರ ತೀರಾ ಕಡಿಮೆ ಸಾಕು. ನಿಧಾನವಾಗಿ ಕರಗುವ ಹರಳು ಗೊಬ್ಬರವನ್ನು ವರ್ಷಕ್ಕೊಮ್ಮೆ, ಪೊಟ್ಟಣದಲ್ಲಿ ಹೇಳಿದ್ದರ ಅರ್ಧ ಪ್ರಮಾಣದಲ್ಲಿ ಹಾಕಿದರೆ ಮುಗಿಯಿತು. ಕುಂಡ ಬದಲಿಸುವುದು, ಬಾಡಿದ ದಂಟು ಕತ್ತರಿಸುವುದು, ಮೇಜಿನ ಹಿಂದೆ ಗುಡಿಸುವುದು ಇವನ್ನು ವರ್ಷಕ್ಕೆರಡು ಸಲ ನೆರವಿನವರಿಗೆ ಒಪ್ಪಿಸಬಹುದು.

ಭೇಟಿಗೆ ಬಂದವರು ಪ್ರೀತಿಯಿಂದ ನೀರು ಹಾಕುವುದು ಇಂಥ ಮನೆಯ ಗಿಡಗಳಿಗಿರುವ ದೊಡ್ಡ ಅಪಾಯ. ಬೆಳಗ್ಗೆ ಒಬ್ಬರು, ಸಂಜೆ ಒಬ್ಬರು, ಮರುದಿನ ಇನ್ನೊಬ್ಬರು ಒಂದೊಂದು ಲೋಟ ಸುರಿದರೆ ಝಡ್‌ಝಡ್ ಪ್ಲಾಂಟ್ ಕೂಡ ಉಳಿಯುವುದಿಲ್ಲ. ಪ್ರತಿ ಕುಂಡಕ್ಕೂ ದೊಡ್ಡ ಅಕ್ಷರದ ಚೀಟಿಯೊಂದನ್ನು ಸಿಕ್ಕಿಸಿ, ಅದರಲ್ಲಿ ಗಿಡದ ಹೆಸರು, ಕೊನೆಯ ಬಾರಿ ನೀರು ಹಾಕಿದ ತಾರೀಕು, ಮುಂದೆ ಯಾವ ತಾರೀಕಿನವರೆಗೆ ಹಾಕಬಾರದು ಎಂಬುದನ್ನು ಪೆನ್ಸಿಲಿನಲ್ಲಿ ಬರೆದಿಡಿ. ಆಸ್ಪತ್ರೆಗೆ ಹೊರಡಬೇಕಾದ ಸಂದರ್ಭ ಬಂದರೆ ಹೊರಡುವ ಮುಂಚೆ ಎಲ್ಲ ಕುಂಡಗಳಿಗೂ ತರಾತುರಿಯಲ್ಲಿ ನೀರು ತುಂಬಿಸಬೇಡಿ. ಕಡ್ಡಿ ಒಣಗಿರುವ ಕುಂಡಕ್ಕೆ ಮಾತ್ರ ಅಳತೆಯ ನೀರು ಹಾಕಿ, ಚೀಟಿಯ ತಾರೀಕು ತಿದ್ದಿ, ದೀಪದ ಟೈಮರ್ ಚಾಲೂ ಇದೆಯೇ ಎಂದು ಒಮ್ಮೆ ನೋಡಿ ಬಾಗಿಲು ಹಾಕಿಕೊಳ್ಳಬಹುದು.